ಸರ್ಕಲ್ ಮೇಡಂ

"ತಲೆ ಕಡೆ ಸ್ವಲ್ಪ ಎತ್ತಿ, ಗೋಡೆಗೆ ತಾಗುತ್ತೆ," ಎಂದ ಅಣ್ಣ. ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ತಂಗಿ ರಸ್ತೆ ಇಲಾಖೆಯ ಇಂಜಿನಿಯರ್. ಬದುಕಿದ್ದಿದ್ದರೆ ಟೇಪು ಹಿಡಿದು ಅಳೆದು, ಇಂಥ ತಿರುವು ಕಟ್ಟಿದವನಿಗೆ ಸರಿಯಾಗಿ ಛೀಮಾರಿ ಹಾಕುತ್ತಿದ್ದಳು. ಹೇಗೋ ಓರೆ ಮಾಡಿ, ಉಸಿರು ಬಿಗಿಹಿಡಿದು, ನಾಲ್ವರು ಅವಳನ್ನು ಕೆಳಗಿಳಿಸಿದರು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಟೈಲರಮ್ಮ ಕಣ್ಣೊರೆಸಿಕೊಂಡು, "ಅವನೇನಾ ಅಣ್ಣ? ಚಹಾ ಅಂಗಡಿಯವನು?" ಎಂದು ಪಿಸುಗುಟ್ಟಿದಳು.

"ಅವನೇ. ಮೇಡಂ ಇದ್ದಾಗ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ," ಎಂದ ತಂಗಿಯ ಕೈಕೆಳಗೆ ದುಡಿದಿದ್ದ ಜೂನಿಯರ್ ಇಂಜಿನಿಯರ್. "ಸಿಗ್ನಲ್ ಕಿತ್ತು ಸರ್ಕಲ್ ಮಾಡಿದ್ರು ಅಂತ ಮಾತು ಬಿಟ್ಟ."

"ಈಗ ಬಂದಿದ್ದಾನೆ, ಪುಣ್ಯಾತ್ಮ!"

ಅಣ್ಣನಿಗೆ ಎಲ್ಲ ಕೇಳಿಸಿತು. ಸಿಟ್ಟು ಬರಲಿಲ್ಲ. ತಂಗಿಗೆ ಒಂದು ಮಾತು ಹೇಳುವುದು ಉಳಿದುಹೋಗಿತ್ತು. ಇನ್ನು ಅದನ್ನು ಎಲ್ಲಿ ಹೋಗಿ ಹೇಳುವುದೆಂಬ ಸಂಕಟವೇ ಅವನಿಗೆ ಸಾಕಾಗಿತ್ತು.

*

ಹೆದ್ದಾರಿಯಿಂದ ಇಳಿದ ರಸ್ತೆ ಊರಿನ ರಸ್ತೆಯನ್ನು ಕೂಡುವಲ್ಲಿ ಆಗ ಸಿಗ್ನಲ್ ಇತ್ತು. ಅದರ ಬುಡದಲ್ಲೇ ಅಣ್ಣನ ಅಂಗಡಿ. ಕೆಂಪು ದೀಪ ಬಿದ್ದರೆ ಲಾರಿ, ಬಸ್ಸುಗಳ ಕಿಟಕಿಗೆ ಚಹಾ ಏರುತ್ತಿತ್ತು. ಹಸಿರು ಬಿದ್ದರೆ ಅಣ್ಣ ಲೋಟ ತೊಳೆಯುತ್ತಿದ್ದ. ಆ ಸಿಗ್ನಲ್ಲನ್ನು ಸ್ವಂತ ತಂಗಿಯೇ ಕಿತ್ತುಹಾಕಲು ಹೊರಟಿದ್ದಳು.

"ಯಾರೂ ನಿಲ್ಲಲ್ಲ ಅಂದ್ರೆ ನನ್ನ ಚಹಾ ಯಾರೇ ಕುಡೀತಾರೆ?"

"ಅಣ್ಣಾ, ಹಸಿರು ಹೋಗೋದ್ರೊಳಗೆ ದಾಟಿಬಿಡೋಣ ಅಂತ ಲಾರಿಯವರು ಮೇಲಿಂದ ಹಾರ್ಕೊಂಡು ಬರ್ತಾರೆ. ಅಡ್ಡ ಬಂದೋರಿಗೆ ಗುದ್ದುತ್ತಾರೆ. ನಡುವೆ ದುಂಡು ಕಟ್ಟೆ ಕಟ್ಟಿ ಸರ್ಕಲ್ ಮಾಡಿದ್ರೆ, ಅದನ್ನ ಸುತ್ತಿ ಹೋಗೋಕೆ ಎಲ್ಲರೂ ನಿಧಾನ ಆಗಲೇಬೇಕು. ತಾಗಿದ್ರೂ ತರಚುತ್ತೆ ಅಷ್ಟೆ."

"ನನಗೆ ಪಾಠ ಮಾಡಬೇಡ."

"ಗುದ್ದಿದಾಗೆಲ್ಲ ನೀರಿನ ಚೊಂಬು ಹಿಡ್ಕೊಂಡು ಓಡೋನು ನೀನೇ ಅಲ್ವಾ? ಆಮೇಲೆ ಊಟ ಸೇರದೆ ಒದ್ದಾಡೋನೂ ನೀನೇ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವನ ಮೈ ಉರಿಯಿತು. "ಅಣ್ಣನ ಹೊಟ್ಟೆ ಮೇಲೆ ಹೊಡೆದು ಊರು ಉದ್ಧಾರ ಮಾಡು, ಹೋಗು!" ಎಂದ.

ಸರ್ಕಲ್ ಆಯಿತು, ಅಂಗಡಿ ಮುಚ್ಚಿತು. ಅವನು ಬಸ್ ನಿಲ್ದಾಣದ ಹಿಂದೆ ಹೊಸ ಅಂಗಡಿ ಹಾಕಿ ಚೇತರಿಸಿಕೊಂಡ. ಹೆದ್ದಾರಿಯಾಚೆ ಹೋಗಬೇಕಾದರೆ ಹಳೇ ಸೇತುವೆ ಬಳಸಿಕೊಂಡು ಹೋದನೇ ಹೊರತು ಸರ್ಕಲ್ಲಿಗೆ ಕಾಲಿಡಲಿಲ್ಲ. ಊರವರು ತಂಗಿಯನ್ನು ಮೊದಲು ಹಂಗಿಸಲೆಂದು 'ಸರ್ಕಲ್ ಮೇಡಂ' ಎಂದರು, ಆಮೇಲೆ ಅದೇ ಹೆಸರಿಟ್ಟು ಅಕ್ಕರೆಯಿಂದ ಕರೆದರು. ಅಲ್ಲೀಗ ಯಾರೂ ಸಾಯುವುದಿಲ್ಲವೆಂದು ಗಿರಾಕಿಗಳು ಹೇಳುವಾಗ ಅಣ್ಣ ಹಾಲು ಉಕ್ಕುವುದನ್ನೇ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. "ನೀನು ಮಾಡಿದ್ದು ಸರಿ" ಎನ್ನಬೇಕೆನಿಸಿ ಫೋನು ಕೈಗೆತ್ತಿಕೊಂಡದ್ದೂ ಉಂಟು. ಹಾಳು ಬಿಗುಮಾನ, ಬಿಡಲಿಲ್ಲ.

*

"ಹೇಗೆ ಹೋಗೋಣ? ಹಳೇ ಸೇತುವೆನೋ, ಸರ್ಕಲ್ಲೋ?" ಶವವಾಹನದ ಚಾಲಕ ಕೇಳಿದ. ಸ್ಮಶಾನ ಹೆದ್ದಾರಿಯಾಚೆ ಇತ್ತು.

ಹಿಂದೆ ಅಮ್ಮನ ಪಕ್ಕ ಕೂತಿದ್ದ ತಂಗಿಯ ಮಗಳು ಮಾವನ ಬೆನ್ನನ್ನೇ ನೋಡಿದಳು.

"ಸರ್ಕಲ್ ಮೇಲೇ ಹೋಗಪ್ಪ," ಎಂದ ಅಣ್ಣ.

ಸರ್ಕಲ್ಲಿನ ಬಾಯಲ್ಲಿ ವ್ಯಾನು ನಿಂತಿತು. ಒಳಗೆ ಸುತ್ತುತ್ತಿದ್ದ ಲಾರಿಯವನು ಹೂವಿನ ಹಾರ ಕಂಡವನೇ ಬ್ರೇಕ್ ಹಾಕಿ, ನೀವು ಹೋಗಿ ಎಂದು ಕೈ ತೋರಿಸಿದ. ಅವನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು. ಸಾಲು ಹೆದ್ದಾರಿಯ ಇಳಿಜಾರಿನವರೆಗೂ ಬೆಳೆಯತೊಡಗಿತು. ಚಾಲಕ ಗೇರ್ ಹಾಕಿದ.

"ತಡೀರಿ," ಎಂದಳು ಮಗಳು. "ಸರ್ಕಲ್ ಒಳಗಿರೋರು ಮೊದಲು ಹೋಗಬೇಕು. ಮಂತ್ರಿ ಕಾರಿಗೆ ಅಂತ ಇಲ್ಲಿ ಗಾಡಿ ನಿಲ್ಲಿಸಿದಾಗ ಅಮ್ಮ ಪೊಲೀಸರ ಹತ್ರಾನೇ ಜಗಳ ಆಡಿದ್ಲು."

ಲಾರಿಯವನು ಮಾತ್ರ ಜಗ್ಗಲಿಲ್ಲ. ಅಣ್ಣ ಬಾಗಿಲು ತೆಗೆದು ಇಳಿದ.

"ನಡೀಯಪ್ಪಾ, ನೀನು ನಿಲ್ಲಬೇಡ."

"ಹೆಣ ಇದೆಯಲ್ಲ ಯಜಮಾನ್ರೇ, ಹೇಗೆ ಹೋಗಲಿ?"

"ನನ್ನ ತಂಗಿ ಕಣಯ್ಯ. ಈ ಸರ್ಕಲ್ ಮಾಡಿದ್ದೇ ಅವಳು. ಸರಿಯಾಗೇ ಮಾಡಿದಾಳೆ. ನೀನು ನಿಂತ್ರೆ ಎದ್ದು ಬಂದು ಬಯ್ತಾಳೆ, ನಡಿ!"

ಲಾರಿಯವನು ತಲೆಬಾಗಿ ಹೊರಟ. ಬಸ್ಸು ಹೋಯಿತು, ಕಾರುಗಳು ಹೋದವು. ಒಂದೊಂದಕ್ಕೂ ಅಣ್ಣ ಕೈ ಬೀಸುತ್ತ "ನಡಿ, ನಡಿ" ಎನ್ನುತ್ತಿದ್ದ. ಸಂದು ಸಿಕ್ಕಿದ್ದೇ ತಡ, ಚಾಲಕ ವ್ಯಾನನ್ನು ಒಳಗೆ ನುಗ್ಗಿಸಿದ. ಅಣ್ಣ ರಸ್ತೆಯಲ್ಲೇ ಉಳಿದ.

"ಅಯ್ಯೋ, ಮಾವ!" ಮಗಳು ಕೂಗಿದಳು. "ಸ್ಮಶಾನದ ಕಡೆ ತಿರುಗಿಸಬೇಡಿ, ಇನ್ನೊಂದು ಸುತ್ತು ಹಾಕಿ."

ವ್ಯಾನು ಸುತ್ತಿಕೊಂಡು ಅವನ ಮುಂದೆಯೇ ಬಂತು. ಮಗಳು ಬಾಗಿಲು ತೆರೆದು ಕೈ ಚಾಚಿದ್ದಳು. ಅಣ್ಣ ಒಂದು ಹೆಜ್ಜೆ ಮುಂದಿಟ್ಟ. ವ್ಯಾನಿನ ಹಿಂದೆಯೇ ಮತ್ತೊಂದು ಬಸ್ಸು ಬರುತ್ತಿತ್ತು; ವ್ಯಾನು ನಿಂತರೆ ಅದೂ ನಿಲ್ಲಬೇಕಿತ್ತು. ಅವನು ಇಟ್ಟ ಹೆಜ್ಜೆ ಹಿಂದೆ ತೆಗೆದು, ಗಲ್ಲದ ಮೇಲೆ ಇಳಿಯುತ್ತಿದ್ದ ನೀರನ್ನೂ ಒರೆಸದೆ, ವ್ಯಾನಿಗೂ ಕೈ ಬೀಸಿದ: "ನಡಿಯೇ, ನೀನು ನಡಿ."