ಕೆನ್ನೆಯ ಮೇಲಿನ ಕೈ

ಜುಲೈ ತಿಂಗಳ ಜಿನುಗು ಮಳೆ ಹಿಡಿದಿತ್ತು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಟೋಪಿ ಹೆಣೆಯುವ ಗರಿಯ ಎಳೆ ಮೆತ್ತಗಿದ್ದು ಹೇಳಿದ ಹಾಗೆ ಬಾಗುವ ಹೊತ್ತು ಅದೇ. ಡೊಮಿಂಗ ಮರದ ಕೊರಡಿನ ಮೇಲೆ ದಿಂಬಿಟ್ಟು, ದಿಂಬಿಗೆ ಎದೆಯೊತ್ತಿ, ಅರ್ಧ ಹೆಣೆದ ಟೋಪಿಯ ಮೇಲೆ ತಲೆ ಬಾಗಿಸಿದಳು. ನಾಲ್ಕು ಎಳೆ ದಾಟಿಸುವಷ್ಟರಲ್ಲಿ ಕಣ್ಣಿನ ಕೆಳಗಿನ ಮೂಳೆಯಲ್ಲಿ ನೋವು ಎದ್ದು ಕಿವಿಯ ತನಕ ಜಗ್ಗಿತು. ಕೈಬಿಟ್ಟು ನೆಟ್ಟಗೆ ಕೂತಳು.

"ಇದನ್ನ ಬೇರೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನನ್ನ ಕೈಲಿ ಇನ್ನಾಗಲ್ಲ," ಅಂದಳು.

"ಕೊಡು, ಕೊಡು," ಅಂದಳು ಜೋಯ್ಲಾ, ಕಡಲೆಕಾಯಿ ಸುಲಿಯುತ್ತ. "ಅರ್ಧ ನಿನ್ನ ಬಿಗಿ, ಅರ್ಧ ಇನ್ಯಾರದೋ ಬಿಗಿ. ಹಾಕ್ಕೊಂಡೋನು ಎರಡು ತಲೆಯೋನ ಹಾಗೆ ಕಾಣ್ತಾನೆ."

ಜೋಯ್ಲಾ ಅವಳ ನಾದಿನಿ. ತನ್ನ ಅಣ್ಣ, ಡೊಮಿಂಗಳ ಗಂಡ ಲಿಸಾಂಡ್ರೊ ತೀರಿಹೋದ ಮೇಲೆ ಅತ್ತಿಗೆ ಒಬ್ಬಳೇ ಮುಖನೋವಿನಲ್ಲಿ ನರಳುತ್ತಿದ್ದಾಳೆಂದು ಕೇಳಿ ಕಡಲತಡಿಯ ಮಾಂತಾದಿಂದ ಬಂದಿದ್ದಳು. ನೋವು ಸೈನಸ್ಸಿನದು ಎಂದು ಎಲ್ಲರೂ ನಂಬಿದ್ದರು. ಟೋಪಿ ಬೆಳ್ಳಗಾಗಲು ಹಾಕುವ ಗಂಧಕದ ಹೊಗೆ ಮೂಗಿಗೆ ಹೊಕ್ಕಿದೆ ಎಂದರು ನೆರೆಯವರು. ನೀಲಗಿರಿ ಎಲೆಯ ಹಬೆ ಹಿಡಿದಷ್ಟು ಹೊತ್ತು ಹಿತವೆನಿಸುತ್ತಿತ್ತು, ಆಮೇಲೆ ಮತ್ತದೇ. ಚಿಕ್ಕಂದಿನಿಂದ ಆ ಕೊರಡಿನ ಮೇಲೆ ಬಾಗಿದವಳು ಅವಳು. ಬಾಗಲಾಗದಿದ್ದರೆ ಬೆಳಗಾಗಿ ಏಳುವುದಾದರೂ ಏತಕ್ಕೆ?

ಇದರ ಮೇಲೆ ಇಲಿಕಾಟ ಬೇರೆ. ಅಟ್ಟದ ಮೇಲಿನ ಗರಿಯ ಕಂತೆಗಳನ್ನು ಏನೋ ಕಡಿಯುವ ಸದ್ದು ಜೋಯ್ಲಾಗೆ ಬಂದಂದಿನಿಂದ ಕೇಳುತ್ತಿತ್ತು. ಕಂತೆಗಳನ್ನು ತೊಲೆಗೆ ನೇತುಹಾಕಿದರು. ಪಕ್ಕದ ಮನೆಯಿಂದ ಬೆಕ್ಕು ತಂದರು. ಬೆಕ್ಕು ಮೀನು ತಿಂದು ಒಲೆಯ ಪಕ್ಕ ಮಲಗಿತು. ಒಂದು ಎಳೆಯೂ ಕಡಿದಿರಲಿಲ್ಲ, ಆದರೂ ಸದ್ದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಊಟವಾಗಿ ಡೊಮಿಂಗ ಹಗ್ಗದ ಜೋಲಿಯಲ್ಲಿ ಮಲಗಿ ಕಣ್ಣು ಮುಚ್ಚಿದ್ದಳು. ಕರಕರ, ಕರಕರ. ಜೋಯ್ಲಾ ಪೊರಕೆ ಎತ್ತಿಕೊಂಡು, ಉಸಿರು ಬಿಗಿಹಿಡಿದು, ಸದ್ದಿನ ಜಾಡು ಹಿಡಿದು ಹೊರಟಳು. ಅದು ಅವಳನ್ನು ಜೋಲಿಯ ಹತ್ತಿರ ತಂದು ನಿಲ್ಲಿಸಿತು. ಅತ್ತಿಗೆಯ ದವಡೆ ಕಲ್ಲಿನ ಹಾಗೆ ಉಬ್ಬಿತ್ತು. ಏನು ಮಾಡಬೇಕೋ ತೋಚದೆ ಅವಳ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಸದ್ದು ನಿಂತಿತು.

ಡೊಮಿಂಗ ಕಣ್ಣು ಬಿಟ್ಟಳು. "ಏನೇ ಇದು, ಒಂದು ಕೈಲಿ ಪೊರಕೆ, ಒಂದು ಕೈಲಿ ಮುದ್ದು?"

"ಇಲಿ ಸಿಕ್ತು ಅತ್ತಿಗೆ. ನಿನ್ನ ಬಾಯಲ್ಲೇ ಮನೆ ಮಾಡಿದೆ."

ಪೇಟೆಯ ಹಲ್ಲಿನ ಡಾಕ್ಟರಮ್ಮ ದವಡೆಯ ಮೂಲೆಯನ್ನು ಒತ್ತಿದಳು. ಡೊಮಿಂಗ ಚೀರಿದಳು. "ಅದೇ ನೋವು! ಆದ್ರೆ ನೀವು ಒತ್ತಿದ್ದು ಇಲ್ಲಿ, ನೋಯೋದು ಕಣ್ಣಿನ ಕೆಳಗೆ."

"ನಿದ್ದೇಲಿ ಹಲ್ಲು ಕಡಿದು ದವಡೆ ಬಿಗಿದ್ರೆ ಹಾಗೇನಮ್ಮ, ಮೂಗು ಕಟ್ಟಿದ ನೋವಿನ ಹಾಗೇ ಇರುತ್ತೆ. ಮಲಗೋವಾಗ ಹಲ್ಲಿಗೆ ಹಾಕ್ಕೊಳ್ಳೋಕೆ ಒಂದು ಕವಚ ಮಾಡಿಕೊಡ್ತೀನಿ. ಕೆಲಸ ಮಾಡೋವಾಗ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗಬಾರದು." ಮತ್ತೊಮ್ಮೆ ಬಾಯೊಳಗೆ ನೋಡಿದಳು. "ಇದು ಈಚಿನದಲ್ಲ. ಎಷ್ಟೋ ವರ್ಷದ ಸವೆತ."

"ನೋವು ಶುರುವಾಗಿದ್ದು ನಮ್ಮೋರು ಹೋದ ಮೇಲೆ."

ಮರಳುವ ಬಸ್ಸಿನಲ್ಲಿ ಡೊಮಿಂಗ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

"ನಿಮ್ಮಣ್ಣ ಮಲಗಿದಾಗ ನನ್ನ ಕೆನ್ನೆ ಮೇಲೆ ಕೈ ಇಡ್ತಿದ್ದ," ಅಂದಳು. "ಕೈಯಾ ಅದು, ಒನಕೆ. ಭಾರ, ತೆಗಿಯೋ ಅಂತ ಬೈತಿದ್ದೆ. ತೆಗೀತಿದ್ದ. ನಂಗೆ ನಿದ್ದೆ ಹತ್ತಿದ ಮೇಲೆ ಮತ್ತೆ ಇಡ್ತಿದ್ದ."

"ಯಾಕೆ ಅಂತ ಹೇಳಲೇ ಇಲ್ವಾ?"

"ಒಂದು ದಿನಾನೂ ಇಲ್ಲ."

ಜೋಯ್ಲಾ ಕಿಟಕಿಯ ಆಚೆ ನೋಡಿದಳು. "ನಮ್ಮಮ್ಮನ ಹೊಟ್ಟೇಲಿ ಅವನು ಬಿಟ್ಟುಬಂದ ಮಾತನ್ನೆಲ್ಲ ನಾನೇ ಬಳ್ಕೊಂಡು ಬಂದೆ. ಪಾಪ, ಅವನಿಗೆಲ್ಲಿಂದ ಬರಬೇಕು."

ಆಗಸ್ಟ್ ಪೂರ್ತಿ ಆ ಮನೆಯಲ್ಲಿ ನಸುಕಿನಲ್ಲಿ ಒಂದೇ ಮಾತು. "ಅತ್ತಿಗೆ, ಹಲ್ಲು!" ಡೊಮಿಂಗ ದವಡೆ ಸಡಿಲಿಸಿ ಎಳೆ ದಾಟಿಸುವಳು. "ಹಲ್ಲು!" "ಅಯ್ಯೋ, ಕೇಳಿಸ್ತು ಕಣೇ." ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಬಂದವರು ಕೂತಿದ್ದು ಎದ್ದುಹೋಗುವ ಹಾಗೆ, ಮೆಲ್ಲಗೆ ಹೋಯಿತು. ಟೋಪಿಯ ಅಂಚು ಸುತ್ತಿಬಂದು ಹೆಣಿಗೆ ಮುಗಿಯಿತು. ಮೊದಲ ಎಳೆಯಿಂದ ಕೊನೆಯ ಎಳೆಯ ತನಕ ಒಂದೇ ಬಿಗಿ.

ಜೋಯ್ಲಾ ಹೊರಟಾಗಲೂ ಜಿನುಗುತ್ತಿತ್ತು. ಬೆಕ್ಕು ಅಲ್ಲೇ ಉಳಿಯಿತು. ರಸ್ತೆಯವರೆಗೂ ಬಾಯಿ ಮುಚ್ಚದೆ ಬಂದವಳು ಬಸ್ಸು ಕಂಡ ಕೂಡಲೇ ಮಾತು ನಿಲ್ಲಿಸಿ, ಗಂಟನ್ನು ಕೆಳಗಿಟ್ಟು, ಅತ್ತಿಗೆಯ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಡೊಮಿಂಗ ಭಾರ ಅನ್ನಲಿಲ್ಲ. ಬಸ್ಸಿನವನು ಎರಡು ಸಲ ಹಾರ್ನ್ ಹೊಡೆಯುವ ತನಕ ಇಬ್ಬರೂ ಹಾಗೇ ನಿಂತಿದ್ದರು. ಅದು ಸೆಪ್ಟೆಂಬರಿನ ಮೊದಲ ಶನಿವಾರ.