ಎರಡನೇ ಸಹಿ

ನಮ್ಮಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ ಎಂದು ಇಡೀ ಪೆನ್ಸಿಲ್ ಕಾರ್ಖಾನೆಗೇ ಗೊತ್ತಿತ್ತು. ಅಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಬಿಗಿಗಂಟು ಎಂದು. ಡೊಂಕು ಪೆನ್ಸಿಲುಗಳನ್ನು ಬೇರೆ ಮಾಡುವುದು ಅವನ ಕೆಲಸ. ಓರೆ ಮೇಜಿನ ಮೇಲೆ ದುಂಡು ಪೆನ್ಸಿಲುಗಳನ್ನು ಉರುಳಿಸುತ್ತಿದ್ದ; ನೆಟ್ಟಗಿದ್ದದ್ದು ಸರಾಗವಾಗಿ ಇಳಿಯುತ್ತಿತ್ತು, ಡೊಂಕಾದದ್ದು ಕುಂಟುತ್ತಿತ್ತು. ಕುಂಟಿದ್ದನ್ನು ಉಳಿದವರೆಲ್ಲ ಮಕ್ಕಳಿಗೆಂದು ಮನೆಗೆ ಒಯ್ಯುತ್ತಿದ್ದರು. ಅಪ್ಪ ಒಂದು ದಿನವೂ ತಂದವನಲ್ಲ. ಕೇಳಿದರೆ "ಅದು ನಂದಲ್ಲ" ಎನ್ನುತ್ತಿದ್ದ. ಪೆನ್ಸಿಲ್ ಕಾರ್ಖಾನೆಯವನ ಮಗಳಾದ ನಾನು ಬೆರಳಲ್ಲಿ ನಿಲ್ಲದ ಮೋಟು ಪೆನ್ಸಿಲಿನಲ್ಲಿ ಲೆಕ್ಕ ಮಾಡುತ್ತಿದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆದರೂ ಆ ಕಾರ್ಖಾನೆಯನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ. ಸಂಜೆ ಅಪ್ಪನನ್ನು ಕರೆತರಲು ಹೋದರೆ ಗೇಟಿನಲ್ಲೇ ಹೊಸ ಮರದ ವಾಸನೆ, ಒಳಗೆ ಬಿಸಿ ಅಂಟಿನದು, ತುದಿಯಲ್ಲಿ ಬಣ್ಣದ್ದು. ಬಣ್ಣದ ಕೋಣೆಯಲ್ಲಿದ್ದ ನನ್ನ ಸೋದರಮಾವನ ಉಗುರು ಒಂದು ವಾರ ಕೆಂಪು, ಒಂದು ವಾರ ಹಸಿರು. ಮರದ ಪುಡಿಯ ನಡುವೆಯೇ ಓಡಾಡುತ್ತಿದ್ದ ಯಜಮಾನರು ನನ್ನನ್ನು ಕಂಡರೆ, "ಏನಮ್ಮಾ, ನಿಮ್ಮಪ್ಪ ಇವತ್ತಾದ್ರೂ ನಕ್ಕಿದ್ನಾ?" ಎಂದು ಕೇಳುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಮದುವೆ, ಎಲ್ಲ ಅವರಿಗೆ ಗೊತ್ತು. ಅವರೆಂದರೆ ಎಲ್ಲರಿಗೂ ಪ್ರಾಣ.

ಕಾರ್ಮಿಕರ ಪಿಂಚಣಿಗೆಂದು ಅಲ್ಲೊಂದು ನಿಧಿಯಿತ್ತು. ತಿಂಗಳ ಸಂಬಳದಿಂದ ಒಂದಿಷ್ಟು, ಯಜಮಾನರ ಕಡೆಯಿಂದಲೂ ಅಷ್ಟೇ ಅದಕ್ಕೆ ಹೋಗುತ್ತಿತ್ತು. ಅದನ್ನು ಕಾರ್ಖಾನೆಯ ಹಣದ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿ ಇಟ್ಟಿದ್ದರು. ತೆಗೆಯಬೇಕಾದರೆ ಎರಡು ಸಹಿ ಬೇಕು: ಒಂದು ಯಜಮಾನರದು, ಇನ್ನೊಂದು ಕಾರ್ಮಿಕರು ಆರಿಸಿದವನದು. ಆ ಎರಡನೇ ಸಹಿಗೆ ಇದ್ದವರಲ್ಲೇ ಕಡು ಜಿಪುಣನನ್ನು ಹುಡುಕಿ ಆರಿಸುವುದು ಅಲ್ಲಿಯ ಪದ್ಧತಿ. ಅಪ್ಪನಿಗಿಂತ ಮುಂಚೆ ಇದ್ದವನು ಸಿಗರೇಟನ್ನು ಅರ್ಧಕ್ಕೇ ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ಅಪ್ಪನಿಗೆ ಎದುರಾಳಿಯೇ ಇರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತ ಆರಿಸಿದರು. ಅಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದ.

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಗಿರಾಕಿಯೊಬ್ಬ ಸರಕೆಲ್ಲ ತೆಗೆದುಕೊಂಡು ಯಜಮಾನರಿಗೆ ಟೋಪಿ ಹಾಕಿದ. ಸಾಲ ಕೊಟ್ಟ ಬ್ಯಾಂಕಿನವರು ಬೆನ್ನು ಹತ್ತಿದರು. ಒಂದು ಸಂಜೆ ಯಜಮಾನರು ಎಲ್ಲರನ್ನೂ ಪ್ಯಾಕಿಂಗ್ ಕೋಣೆಯಲ್ಲಿ ಸೇರಿಸಿದರು. ಅಪ್ಪನನ್ನು ಕರೆತರಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಪಿಂಚಣಿ ನಿಧಿಯನ್ನು ಕಾರ್ಖಾನೆಗೆ ಸಾಲವಾಗಿ ಕೊಡಿ, ಶಾಲೆಗಳು ಶುರುವಾಗುವ ಹೊತ್ತಿಗೆ ಪೂರ್ತಿ ತೀರಿಸುತ್ತೇನೆ ಎಂದರು. ಇಡೀ ಕೋಣೆಯೇ ಕೈ ಎತ್ತಿತು.

ಅಪ್ಪ ಎದ್ದು ನಿಂತು, "ಆಗಲ್ಲ," ಎಂದ.

"ಯಾಕಯ್ಯಾ?" ಎಂದರು ಯಜಮಾನರು.

"ಕೆಲಸ ಮುಗಿಸಿ ಮನೇಲಿ ಕೂತಿರೋ ಮುದುಕರ ದುಡ್ಡೂ ಇದರಲ್ಲಿದೆ. ಅವರ್ಯಾರೂ ಇಲ್ಲಿ ಕೈ ಎತ್ತೋಕೆ ಬಂದಿಲ್ಲ. ಕಾರ್ಖಾನೆ ಹೋದ್ರೆ ನಮ್ಮ ಕೆಲಸ ಹೋಗತ್ತೆ. ಅದರ ಜೊತೆಗೆ ಇದೂ ಹೋಗೋದು ಬೇಡ."

"ಭಾವಾ, ಅವರೇನು ನಿಮ್ಮ ಜೇಬಿಂದ ಕೇಳ್ತಿದ್ದಾರಾ?" ಎಂದು ಮಾವ ಕೂಗಿದ.

"ನನ್ನ ಜೇಬಾಗಿದ್ರೆ ಯೋಚನೆ ಮಾಡ್ತಿದ್ದೆ."

ಯಾರೋ ನಕ್ಕರು. ಅದರಲ್ಲಿ ಹಳೆಯ ತಮಾಷೆ ಇರಲಿಲ್ಲ.

ಅವನನ್ನು ಬದಲಿಸೋಣವೆಂದರೆ ಅವಧಿ ಮುಗಿದಿರಲಿಲ್ಲ. ಊಟದ ಹೊತ್ತಿನಲ್ಲಿ ಅಪ್ಪನ ಬೆಂಚಿನಲ್ಲಿ ಯಾರೂ ಕೂರದಾದರು. ಮಾವ ನಮ್ಮ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. "ಒಂದು ಸಹಿ ತಾನೇ ರೀ? ಹಾಕಿದ್ರೆ ಶಾಯಿ ಖರ್ಚಾಗತ್ತಾ?" ಎಂದು ಅಮ್ಮ ಚುಚ್ಚಿದಳು. ನಾನೂ ಮೂತಿ ಊದಿಸಿಕೊಂಡೇ ಇದ್ದೆ. ಅಪ್ಪ ಸೊರಗಿಹೋದ. ಒಂದು ದಿನ ಅವನು ಯಜಮಾನರ ಮನೆಯ ಬೀದಿಯ ತುದಿಯವರೆಗೆ ಹೋಗಿ, ಅಲ್ಲೇ ತುಂಬಾ ಹೊತ್ತು ನಿಂತಿದ್ದು ಹಿಂತಿರುಗಿದ್ದನ್ನು ಕಣ್ಣಾರೆ ಕಂಡೆ. ಸಹಿ ಮಾತ್ರ ಹಾಕಲಿಲ್ಲ.

ವರ್ಷ ತುಂಬುವುದರೊಳಗೆ ಕಾರ್ಖಾನೆ ದಿವಾಳಿಯೆದ್ದಿತು. ಗೇಟಿಗೆ ಬ್ಯಾಂಕಿನ ಬೀಗ ಬಿತ್ತು. ಯಂತ್ರ, ಮರ, ಅಪ್ಪನ ಓರೆ ಮೇಜು, ಯಜಮಾನರ ಮನೆ, ಎಲ್ಲ ಹರಾಜಾಯಿತು. ಸಾಲ ಕೊಟ್ಟವರು ಪಿಂಚಣಿ ನಿಧಿಯ ಮೇಲೂ ಕಣ್ಣು ಹಾಕಿದರು. ಅದು ಕಾರ್ಖಾನೆಯ ಆಸ್ತಿಯಲ್ಲ, ಅದನ್ನು ಮುಟ್ಟುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮುದುಕರ ಪಿಂಚಣಿ ಒಂದು ತಿಂಗಳೂ ತಪ್ಪಲಿಲ್ಲ. ಅಪ್ಪ ಸಹಿ ಹಾಕಿದ್ದರೆ ಆ ದುಡ್ಡೂ ಸಾಲದ ಹೊಂಡದಲ್ಲಿ ಹೇಳಹೆಸರಿಲ್ಲದಂತೆ ಹೋಗುತ್ತಿತ್ತು. ಇಲ್ಲ, ಕಾರ್ಖಾನೆ ಬದುಕಿಕೊಳ್ಳುತ್ತಿತ್ತು ಎನ್ನುವವರು ಈಗಲೂ ಇದ್ದಾರೆ. ಎಲ್ಲಾದರೂ ಹೊಸ ಮರದ ವಾಸನೆ ಮೂಗಿಗೆ ಬಡಿದರೆ ನನಗೂ ಒಂದು ಗಳಿಗೆ ಹಾಗೇ ಅನ್ನಿಸುತ್ತದೆ.

ಎಷ್ಟೋ ವರ್ಷಗಳ ಮೇಲೆ ಮಾವನಿಗೂ ವಯಸ್ಸಾಯಿತು. ಮೊದಲ ಪಿಂಚಣಿ ಕೈಗೆ ಬಂದ ದಿನ ನೇರ ನಮ್ಮ ಮನೆಗೆ ಬಂದ. ಉಪಕಾರ ಗಿಪಕಾರ ಅಂತೆಲ್ಲ ಏನೂ ಅನ್ನಲಿಲ್ಲ. ಚಹಾ ಕುಡಿದು, "ಭಾವಾ, ನಿಮ್ಮನೇಲಿ ಸಕ್ಕರೆ ಈಗ್ಲೂ ಕಮ್ಮೀನೇ," ಎಂದು ಹೇಳಿ ಹೋದ. ಅಪ್ಪ ಆ ದಿನವೆಲ್ಲ ಖುಷಿಯಾಗಿದ್ದ.

ಯಜಮಾನರು ಬಂದದ್ದು ಅದಾದ ಮೇಲೆ. ಆಗ ಅವರು ಬಾಡಿಗೆಯ ಒಂಟಿ ಕೋಣೆಯಲ್ಲಿದ್ದುಕೊಂಡು ಕಾಗದದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರನ್ನು ಕಂಡೊಡನೆ ಅಪ್ಪ ಕುರ್ಚಿಯಿಂದ ಎದ್ದ. ಅವರು ಭುಜ ಹಿಡಿದು ಕೂರಿಸಿ, ಎದುರಿಗೆ ತಾವೂ ಕೂತರು.

"ನಿಂಗೊಂದು ಮಾತು ಹೇಳ್ಬೇಕಿತ್ತು ಕಣಯ್ಯಾ," ಎಂದರು. "ಅವತ್ತು ಅಷ್ಟು ಜನ ಕೈ ಎತ್ತಿದ್ರಲ್ಲ, ನನ್ನ ಮೇಲಿನ ಪ್ರೀತಿಗೆ ಎತ್ತಿದ್ರು. ಆ ಪ್ರೀತಿ ನಂಬ್ಕೊಂಡು ಎಲ್ಲರನ್ನೂ ಮುಳುಗಿಸಿಬಿಡ್ತಿದ್ದೆ. ಪುಣ್ಯಕ್ಕೆ ನಿನಗೊಬ್ಬನಿಗೆ ನಾನಂದ್ರೆ ಅಷ್ಟಕ್ಕಷ್ಟೇ. ಅದೇ ಅವರನ್ನ ಉಳಿಸ್ತು."

ಅಪ್ಪ ತಲೆ ತಗ್ಗಿಸಿದ. ಅವನು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಅಮ್ಮನೂ ನೋಡಿರಲಿಲ್ಲ.

"ಹಾಗನ್ಬೇಡಿ ಯಜಮಾನ್ರೇ," ಎಂದ. "ಪ್ರೀತಿ ನನಗೂ ಇತ್ತು."