ಮೊಳೆಗೆ ತೂಗಿದ ನೀಲಿ ಅಂಗಿ

ಅಕ್ಕನ ಅಂಗಿಗೆ ಗುಂಡಿ ಹಾಕಲು ತಂಗಿ ಮತ್ತೊಮ್ಮೆ ನೋಡಿದಳು. ಎಡಗಡೆ ಬಟ್ಟೆ ಎಟುಕಲೇ ಇಲ್ಲ.

"ತಾನೇ ಹೊಲ್ಕೊಂಡಿದ್ದು. ಅದೇ ಆಗ್ತಿಲ್ಲ ನೋಡಿ."

"ಅದು ಹಳೇದು ಬಿಡು. ಆ ಬೂದು ಅಂಗಿ ಕೊಡು," ಎಂದರು ಟೀಚರ್. ಸತ್ತ ಟೈಲರಕ್ಕನಿಗೆ ಅವರು ಹನ್ನೆರಡು ವರ್ಷದ ಗಿರಾಕಿ. ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆಯೇ ಅವಳನ್ನು ಮಲಗಿಸಿದ್ದರು. ಬೇರೆ ಜಾಗವಿರಲಿಲ್ಲ.

ಹೊರಗಿನಿಂದ ಗಾಡಿಯವನು ಕೂಗಿದ. "ಇನ್ನೂ ಎಷ್ಟೊತ್ತಮ್ಮಾ?"

"ಊರಿಗೆಲ್ಲಾ ಹೊಲಿದವಳಪ್ಪ. ಅವಳಿಗೆ ಒಂದು ಬಟ್ಟೆ ಹಾಕೋಷ್ಟು ಹೊತ್ತು ತಡ್ಕೋ," ಎಂದರು ಟೀಚರ್.

ಬೂದು ಅಂಗಿಯನ್ನು ತಿರುಗಿಸುವಾಗ ಟೀಚರ ಕೈ ನಿಂತಿತು. ಒಳಗೆ, ಎಡ ಮಗ್ಗುಲ ಹೊಲಿಗೆಯ ಪಕ್ಕ, ಮೂರು ಸಾಲು ಸೂಜಿತೂತುಗಳಿದ್ದವು. ಬಿಚ್ಚಿ, ಸಡಿಲಿಸಿ, ಮತ್ತೆ ಹೊಲಿದದ್ದು. ಮೂರು ಸಲ. ಬಲಗಡೆ ಒಂದು ಹೊಲಿಗೆಯೂ ಕದಲಿರಲಿಲ್ಲ.

*

ನಾಲ್ಕು ವರ್ಷದ ಹಿಂದೆ, ಇದೇ ಕೋಣೆ. ಟೀಚರ್ ಕೈಯೆತ್ತಿ ಅಳತೆ ಕೊಡುತ್ತಿದ್ದರು. ಟೈಲರಕ್ಕನ ಟೇಪು ಅರ್ಧಕ್ಕೇ ನಿಂತಿತು. ದಾರ ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದಲ್ಲ, ಹಾಗೆ ಟೀಚರ ಎದೆಯ ಚರ್ಮ ಒಂದು ಕಡೆ ಒಳಕ್ಕೆ ಸೆಳೆದುಕೊಂಡಿತ್ತು.

"ಇದು ಯಾವಾಗಿಂದ?"

"ವಯಸ್ಸಾಯ್ತಲ್ಲ ಮಾರಾಯ್ತಿ."

"ವಯಸ್ಸು ಎರಡೂ ಕಡೆ ಆಗುತ್ತೆ ಟೀಚರ್. ಇದು ಒಂದೇ ಕಡೆ ಆಗಿದೆ."

"ನೋವೇ ಇಲ್ಲ."

"ನೋವಿಗೆ ಕಾಯ್ತೀರಾ? ಡಾಕ್ಟರ ಚೀಟಿ ತಂದ ಮೇಲೇ ನಿಮ್ಮ ಬಟ್ಟೆ ಕೊಡೋದು."

ಶಾಲೆಯ ಸಮಾರಂಭಕ್ಕೆ ಮೂರೇ ದಿನ ಉಳಿದಿತ್ತು. ಟೀಚರ್ ಬೈದುಕೊಂಡೇ ಆಸ್ಪತ್ರೆಗೆ ಹೋದರು. ಕ್ಯಾನ್ಸರಿನ ಗಂಟು ಕಡಲೆಕಾಳಿನಷ್ಟಿತ್ತು. ತೆಗೆದರು.

*

"ಅಕ್ಕ ನಂಗೆ ಅಂತ ಹೊಲಿದಿಟ್ಟ ಅಂಗಿ ಹಾಕ್ಕೊಂಡು ಬರ್ತೀನಿ," ಎಂದಳು ತಂಗಿ. ಲಾಂಡ್ರಿಯ ಕೆಲಸದಿಂದ ನೇರವಾಗಿ ಓಡಿಬಂದವಳು, ಮೈಯೆಲ್ಲ ಬ್ಲೀಚಿನ ವಾಸನೆ. "ಬಂದು ತಗೊಂಡು ಹೋಗು ಅಂತಾನೇ ಇದ್ದಳು. ನಂಗೇ ಪುರಸೊತ್ತಾಗಲಿಲ್ಲ."

ಬಾಗಿಲ ಹಿಂದಿನ ಮೊಳೆಯಲ್ಲಿ ನೀಲಿ ಅಂಗಿ ತೂಗುತ್ತಿತ್ತು. ಕಾಲರಿಗೆ ಪಿನ್ನು ಚುಚ್ಚಿದ ಕಾಗದ: 'ತಂಗಿಗೆ. ಡಾಕ್ಟರ ಚೀಟಿ ತಂದ ಮೇಲೆ.'

"ಯಾವ ಚೀಟಿ?"

"ಎದೆ ತೋರಿಸಿಕೊಂಡು ಬಂದಿದ್ದಕ್ಕೆ. ನನ್ನ ಹತ್ರಾನೂ ತರಿಸಿದ್ದಳು."

"ನಂಗೇನೂ ಆಗಿಲ್ಲವಲ್ಲ."

"ನಂಗೂ ಏನೂ ಆಗಿರಲಿಲ್ಲ, ಇವಳು ನೋಡೋ ತನಕ. ಒಡಹುಟ್ಟಿದವಳಿಗೆ ಎದೆಯ ಕ್ಯಾನ್ಸರ್ ಬಂದಿದೆ. ನಿಂಗೆ ಬಂದೇ ಬರುತ್ತೆ ಅಂತಲ್ಲ. ಆದರೆ ಬೇರೆಯವರಿಗಿಂತ ನೀನು ಮೊದಲೇ ತೋರಿಸಬೇಕು."

ತಂಗಿ ಮೇಜಿನ ಕಡೆ ನೋಡಿದಳು. "ಇಷ್ಟೆಲ್ಲ ಗೊತ್ತಿದ್ದವಳು ತಾನ್ಯಾಕೆ ಹೋಗಲಿಲ್ಲ?"

ಟೀಚರ್ ಬೂದು ಅಂಗಿಯ ಕೊನೆಯ ಗುಂಡಿ ಹಾಕಿದರು. ಸರಿಯಾಗಿ ಕೂತಿತು.

"ಅವಳ ಬಟ್ಟೆ ಕೊಡಲ್ಲ ಅನ್ನೋಕೆ ಯಾರಿದ್ದರು? ವಾರಕ್ಕೊಂದು ಸಲ ಬರ್ತಿದ್ದೆ. ಒಂದು ದಿನವೂ ಕೇಳಲಿಲ್ಲ ನಾನು."

ನಾಲ್ವರು ಒಳಬಂದು ಟೈಲರಕ್ಕನನ್ನು ಎತ್ತಿಕೊಂಡು ಹೋದರು. ತಂಗಿ ನೀಲಿ ಅಂಗಿಯನ್ನು ಮೈಗೆ ಹಿಡಿದು ನೋಡಿಕೊಂಡಳು. ಭುಜ, ತೋಳು, ಸೊಂಟ, ಎಲ್ಲಾ ಸರಿಯಿತ್ತು. ಅಕ್ಕ ಅವಳ ಅಳತೆ ತೆಗೆದು ಆರು ವರ್ಷವಾಗಿತ್ತು.

"ಬೆಳಿಗ್ಗೆ ಎಷ್ಟು ಗಂಟೆಗೆ ತೆಗೀತಾರೆ ಆಸ್ಪತ್ರೆ?"

"ಎಂಟಕ್ಕೆ. ನಾನೂ ಬರ್ತೀನಿ."

ತಂಗಿ ಅಂಗಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು, ಕಾಗದ ಕಾಣುವ ಹಾಗೆ. ಬ್ಲೀಚು ನಾರುವ ಕೆಲಸದ ಬಟ್ಟೆಯಲ್ಲೇ ಹೋಗಿ ಗಾಡಿ ಹತ್ತಿದಳು.